ಕಾರು ಹೋಯಿತು, ಹೆಸರು ಉಳಿಯಿತು

ಹಳೇ ಮನೆಗಳ ಹಿತ್ತಲಲ್ಲಿ, ಮುಚ್ಚಿದ ರೈಸ್‌ಮಿಲ್ಲುಗಳ ಗೋಡೌನಿನಲ್ಲಿ ಇನ್ನೂ ಕೆಲವು ಅಂಬಾಸಡರ್, ಪದ್ಮಿನಿ ಕಾರುಗಳು ಟಾರ್ಪಾಲು ಹೊದ್ದು ಮಲಗಿವೆ. ಚಕ್ರಕ್ಕೆ ಗಾಳಿ ಇಲ್ಲ, ಬಾಗಿಲ ಕೆಳಗೆ ತುಕ್ಕು, ಸೀಟಿನೊಳಗೆ ಇಲಿಯ ಸಂಸಾರ. ಮನೆಯ ಹಿರಿಯರಿಗೆ ಅದು ಮದುವೆ ದಿಬ್ಬಣ ಹೊತ್ತ ರಥ, ಮಕ್ಕಳಿಗೆ ಜಾಗ ತಿನ್ನುವ ಕಬ್ಬಿಣ. ಒಂದು ದಿನ ಬ್ರೋಕರ್ ಬರುತ್ತಾನೆ. ಬಾನೆಟ್ ತಟ್ಟಿ ‘ಗುಜರಿ ರೇಟು ಕೊಡ್ತೀನಿ ಸಾರ್’ ಅನ್ನುತ್ತಾನೆ. ಕೈಗೆ ನೋಟು, ಬಿಳಿ ಹಾಳೆಗೆ ಒಂದು ಸಹಿ, ಕಾರು ಲಾರಿ ಏರುತ್ತದೆ. ಪೀಡೆ ತೊಲಗಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ.

ತೊಲಗಿರುವುದಿಲ್ಲ ಸ್ವಾಮಿ! ಕಾರು ಹೋದರೂ ಆರ್‌ಸಿ ಪುಸ್ತಕದಲ್ಲಿ ನಿಮ್ಮ ಹೆಸರು ಗಟ್ಟಿಯಾಗಿ ಕೂತಿರುತ್ತದೆ. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಮಾರಿದ. ಆ ಮತ್ತೊಬ್ಬ ರಿಪೇರಿ ಮಾಡಿಸಿ, ಇನ್ಶೂರೆನ್ಸ್ ಇಲ್ಲದೆ ರಸ್ತೆಗಿಳಿಸಿ ಯಾರಿಗೋ ಗುದ್ದಿದ ಅಂತಿಟ್ಟುಕೊಳ್ಳಿ. ನೋಟೀಸು ಯಾರ ಮನೆಗೆ? ನಿಮ್ಮ ಮನೆಗೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಅಲ್ಲಿಯೂ 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತಕ್ಕೆ ಸಿಕ್ಕಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಎಂದಿತು ನ್ಯಾಯಾಲಯ.

ಇದು ಅನ್ಯಾಯ ಎನ್ನುವ ಮೊದಲು ಬಸ್‌ಸ್ಟಾಪಿನಲ್ಲಿ ನಿಂತವನ ಕಡೆಯಿಂದಲೂ ನೋಡಬೇಕು. ಗುದ್ದಿಸಿಕೊಂಡು ಕಾಲು ಮುರಿದುಕೊಂಡವನು ಕಾರು ಯಾರಿಂದ ಯಾರಿಗೆ ಹೋಯಿತೆಂದು ಊರೂರು ಹುಡುಕಬೇಕೇ? ಬೇಡ ಎಂಬುದೇ ಕಾನೂನಿನ ಅಭಿಪ್ರಾಯ. ಅದು ಸರಿಯಾಗಿಯೇ ಇದೆ.

ಹಾಗಾಗಿ ಮಾರುವವರು ಮಾಡಬೇಕಾದ್ದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರು, 30 ದಿನದೊಳಗೆ ಕೊಂಡವರು ಆರ್‌ಟಿಒ ಕಚೇರಿಗೆ ತಿಳಿಸಬೇಕು. ಅದಕ್ಕೆ ಫಾರಂ 29 ಮತ್ತು 30. ಪುಸ್ತಕ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಮಾರಾಟ ಆಮೇಲೆ. ಹಳೇ ಕಾಗದದ ಆರ್‌ಸಿ ಆದರೆ ಅದರ ವಿವರ ಕಂಪ್ಯೂಟರಿಗೆ ಏರಿದೆಯೇ ಎಂದೂ ವಿಚಾರಿಸಿ. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವುದೂ ಒಂದೇ, ಖಾಲಿ ಚೆಕ್ಕು ಕೊಡುವುದೂ ಒಂದೇ.

ಇನ್ನು ಬೆಲೆಯ ಮಾತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. 1964ರಲ್ಲಿ ಫಿಯೆಟ್ ಆಗಿ ಬಂದು ಹತ್ತು ವರ್ಷದ ನಂತರ ಪದ್ಮಿನಿಯಾದ ಕಾರು ಅದಕ್ಕೂ ಮೊದಲೇ ನಿಂತಿದೆ. ಇನ್ನು ಹೊಸದು ಹುಟ್ಟುವುದಿಲ್ಲ. ಆದ್ದರಿಂದ ತೂಕದ ಲೆಕ್ಕದಲ್ಲಿ ಕೊಡುವ ಮುಂಚೆ ಇಂಥವನ್ನು ಸರಿಮಾಡಿಸಿ ಇಟ್ಟುಕೊಳ್ಳುವ ಹವ್ಯಾಸಿಗಳನ್ನೂ ಒಂದು ಮಾತು ಕೇಳಿ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ಜಾರಿಗೆ ತಂದಿದೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ಆದರೆ ಪೆಟ್ರೋಲು ದುಬಾರಿ ಅಂತ ಹಿಂದೆ ಯಾವಾಗಲೋ ಡೀಸೆಲ್ ಇಂಜಿನ್ ಕೂರಿಸಿದ್ದರೆ ಆ ಮೂಲರೂಪ ಹೋದಂತೆಯೇ. ಅದನ್ನು ಬಚ್ಚಿಟ್ಟು ಮಾರಿದರೆ ಇಂಜಿನ್ ನಂಬರೇ ನಾಳೆ ಸಾಕ್ಷಿ ಹೇಳುತ್ತದೆ. ಮಾಮೂಲಿ ನೋಂದಣಿಯನ್ನೇ ನವೀಕರಿಸುವುದಾದರೂ ಖರ್ಚು ಸಣ್ಣದಲ್ಲ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5000 ಆಯಿತು; 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು.

ಕೊಳ್ಳುವವರಿಗೂ ಒಂದು ಮಾತು. ಈ ಎರಡೂ ಕಾರುಗಳಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ತಿಂದುಹೋಗಿದ್ದರೆ ಮಾತ್ರ ದುಡ್ಡು ನೀರಿನಂತೆ ಹೋಗುತ್ತದೆ. ಮಿರಮಿರ ಮಿಂಚುವ ಪೇಂಟು ನೋಡಿ ಮರುಳಾಗಬೇಡಿ. ಜೇಬಿನಲ್ಲಿ ಒಂದು ಅಯಸ್ಕಾಂತ ಒಯ್ಯಿರಿ; ದಪ್ಪಗೆ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಮಾರುವವರಾದರೂ ಅಷ್ಟೇ, ಪೇಂಟಿಗೆ ಸುರಿಯುವ ದುಡ್ಡು ಉಳಿಸಿ ತುಕ್ಕನ್ನು ತುಕ್ಕೆಂದೇ ತೋರಿಸಲಿ. ತಿಳಿದವನು ಅದಕ್ಕೇ ಸರಿಯಾದ ಬೆಲೆ ಕಟ್ಟುತ್ತಾನೆ.

ಸಾರಿಗೆ ಕಚೇರಿಯವರಲ್ಲೂ ನಮ್ಮದೊಂದು ಕೇಳಿಕೆ. ಹಳೇ ಆರ್‌ಸಿಗಳನ್ನು ಕಂಪ್ಯೂಟರಿಗೆ ಏರಿಸಲು, ವಾರಸುದಾರರ ಹೆಸರಿಗೆ ಮಾಡಲು ತಿಂಗಳಿಗೊಂದು ದಿನ ಮೀಸಲಿಡಿ. ಯಾವ ಕಾಗದ ಬೇಕು, ಎಷ್ಟು ಶುಲ್ಕ ಎಂದು ಬಾಗಿಲಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಜನ ಬ್ರೋಕರ್ ಹಿಂದೆ ಹೋಗುವುದು ಪ್ರೀತಿಯಿಂದಲ್ಲ, ದಾರಿ ಗೊತ್ತಿಲ್ಲದೆ.

ನಮ್ಮ ಪೇಟೆಯಲ್ಲಿ ಒಂದು ಬಕೆಟ್ಟು ಮಾರಿದರೂ ಚೀಟಿ ಬರೆದು ಕೊಡುತ್ತೇವೆ. ನಾಲ್ಕು ಚಕ್ರದ ಗಾಡಿಯನ್ನು ಬಾಯಿಮಾತಿನಲ್ಲಿ ಕಳಿಸಿಕೊಡುವುದು ಯಾವ ವ್ಯಾಪಾರ? ದುಡ್ಡು ಎಣಿಸಿಕೊಂಡ ದಿನವಲ್ಲ, ಪುಸ್ತಕದಲ್ಲಿ ಹೆಸರು ಬದಲಾದ ದಿನವೇ ಕಾರು ಮಾರಿದ ದಿನ.