ಅಗೆದು ಹಾಕಿ ಸ್ವಾಮಿ
1/5
ಮಾಯಸಂದ್ರದಲ್ಲಿ ನಾನು ಆಡಿ ಬೆಳೆದ ಬೀದಿ ಇದು. ತುಂಬಾ ದಿನದ ಮೇಲೆ ಹೋಗಿದ್ದೆ. "ಹಳೇ ನೆನಪು" ಅಂತ ಹಾರ್ಟ್ ಹಾಕ್ಬೇಡಿ. ಜಗಳ ಆಡೋಕೆ ಹಾಕ್ತಿದೀನಿ, ಪೂರ್ತಿ ಓದಿ.

2/5
ಒಂದಕ್ಕೊಂದು ಅಂಟಿಕೊಂಡ ಹೆಂಚಿನ ಮನೆಗಳು, ಪ್ರತಿ ಮನೆಗೂ ಜಗಲಿ. ಜಗಲಿಯಿಂದ ಜಗಲಿಗೆ ಹಾರ್ತಾ, ನೆಲ ಮುಟ್ಟದೆ ಬೀದಿ ಕೊನೆವರೆಗೂ ಹೋಗ್ತಿದ್ವಿ. ಈಗ ಜಗಲಿ ಮೇಲೆ ಕೂತ್ರೆ ರಸ್ತೆ ಮೇಲೇ ಕೂತಂಗೆ. ನಾವಷ್ಟೇ ಅಲ್ಲ, ರಸ್ತೆನೂ ಬೆಳೆದಿದೆ!

3/5
ಹಳೇ ಕಾಂಕ್ರೀಟ್ ಕೀಳದೆ ಅದರ ಮೇಲೇ ಹೊಸದು. ಅಜ್ಜಿ ಮನೆಗೆ ಮೂರು ಮೆಟ್ಟಿಲಿತ್ತು, ಈಗ ಒಂದೂ ಕಾಣಲ್ಲ. ಜೋರು ಮಳೆ ಬಂದ್ರೆ ಬೀದಿ ನೀರು ನಡುಮನೆಗೆ. ಅಟ್ಟದ ಮೇಲಿನ ಕೊಬ್ಬರಿ ಹೆಂಗೋ ಉಳಿಯುತ್ತೆ. ಕೆಳಗೆ ಚಾಪೆ ಹಾಸ್ಕೊಂಡು ಮಲಗೋ ಅಜ್ಜಿ?

4/5
"ಹಂಗಾದ್ರೆ ರಸ್ತೆ ಬೇಡ್ವಾ?" ಬೇಕು. ಹಳೇ ಬೀದಿ ಸ್ವರ್ಗ ಆಗಿರಲಿಲ್ಲ. ಎಲ್ಲರ ಜಗಲಿ ಮೇಲೆ ಎಲ್ಲರೂ ಕೂರೋ ಹಂಗಿರಲಿಲ್ಲ, ಅದೂ ಗೊತ್ತು. ಕೇಳ್ತಿರೋದು ಇಷ್ಟೇ: ಅಗೆದು, ಮಟ್ಟ ನೋಡಿ, ಆಮೇಲೆ ಹಾಕಿ. ಬಿ.ಕಾಂ. ಓದೋನು, ಲೆಕ್ಕ ಕೇಳ್ತೀನಿ. ರಸ್ತೆ ಖರ್ಚು ಬಿಲ್ಲಲ್ಲಿರುತ್ತೆ. ನಾವು ಮನೆ ನೆಲ ಎತ್ತರಿಸೋ ಖರ್ಚು ಯಾರ ಪುಸ್ತಕದಲ್ಲಿದೆ? 2024ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,000 ರೂಪಾಯಿ. ಎಷ್ಟು ಕ್ವಿಂಟಾಲ್ ಮಾರಿದ್ರೆ ಒಂದು ಮನೆ ನೆಲ ಮೇಲೇಳುತ್ತೆ, ನೀವೇ ಲೆಕ್ಕ ಹಾಕಿ.

5/5
1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದ್ರೂ ಗ್ರಾಮಸಭೆ ಆಗ್ಬೇಕು. ಹದಿನೆಂಟು ದಾಟಿದೆ, ಪಟ್ಟೀಲಿ ಹೆಸರಿದೆ. ಆದ್ರೂ ನಮ್ಮಲ್ಲಿ ಎಷ್ಟು ಜನ ಹೋಗಿದೀವಿ? ನಾನೂ ಹೋಗಿಲ್ಲ. ಮುಂದಿನ ಸಭೆಗೆ ಹೋಗ್ತೀನಿ, ಈ ಫೋಟೋ ತಗೊಂಡು. ಲೈಕ್ ಬೇಡ, ಜೊತೆಗೆ ಬನ್ನಿ.