ಪೂಕೋಡು ಕೆರೆ ಯಾರ ವಿಹಾರಕ್ಕೆ?

ವಯನಾಡಿನ ವೈತ್ತಿರಿಯ ಬಳಿ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಕಾಡಿನ ನಡುವೆ ಪೂಕೋಡು ಕೆರೆಯಿದೆ. ವಿಸ್ತಾರ ಸುಮಾರು 8.5 ಹೆಕ್ಟೇರ್; ಅತ್ಯಂತ ಆಳವಾದೆಡೆಯೂ ಏಳು ಮೀಟರ್ ಮೀರದು. ಇಲ್ಲಿಂದ ಹೊರಡುವ ಪನಮರಂ ಹೊಳೆ ಮಾನಂತವಾಡಿ ಹೊಳೆಯೊಡನೆ ಕೂಡಿ, ಕಬಿನಿಯಾಗಿ ಹೆಗ್ಗಡದೇವನಕೋಟೆಗೆ ಇಳಿಯುತ್ತದೆ. ಆದುದರಿಂದ ಇದು ನೆರೆರಾಜ್ಯದ ಸಂಗತಿಯೆಂದು ಕನ್ನಡಿಗರು ಕೈಕಟ್ಟಿ ಕೂರುವಂತಿಲ್ಲ.

ಕೆರೆಯ ಹೆಸರನ್ನೇ ಹೊತ್ತ ಪುಟ್ಟ ಮೀನೊಂದು ಇಲ್ಲಿದೆ: ಪೆಥಿಯಾ ಪೂಕೋಡೆನ್ಸಿಸ್. ವಿಜ್ಞಾನವು ಅದಕ್ಕೆ ಹೆಸರಿಟ್ಟದ್ದು 2007ರಲ್ಲಿ. ಅಳಿವಿನ ತೀವ್ರ ಭೀತಿಯಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಅದು ಸೇರಲು ಹೆಚ್ಚು ಕಾಲ ಹಿಡಿಯಲಿಲ್ಲ.

ದೋಣಿವಿಹಾರದಿಂದ ನೀರೇನು ಸವೆಯುತ್ತದೆಯೆ ಎಂದು ಕೇಳುವವರಿದ್ದಾರೆ. ನೀರು ಸವೆಯದು, ದಡ ಸವೆಯುತ್ತದೆ. ಆಳವಿಲ್ಲದ ಅಂಚನ್ನು ಹುಟ್ಟುಗಳೂ ಪೆಡಲುಗಳೂ ಕಲಕಿದಾಗ ತಳದ ಹೂಳು ಮೇಲೇಳುತ್ತದೆ, ಅದರೊಡನೆ ರಂಜಕವೂ. ಬೆಳಕು ಕೆಳಗಿಳಿಯದೆ ಜಲಸಸ್ಯಗಳು ಸೊರಗುತ್ತವೆ, ಪಾಚಿ ಕೊಬ್ಬುತ್ತದೆ. ಪೆಥಿಯಾ ಕುಲದ ಮೀನುಗಳು ಮೊಟ್ಟೆಯಿಡುವುದು ಆ ಸಸ್ಯಗಳ ಸಂದಿಯಲ್ಲಿಯೇ! ಮೋಟಾರು ದೋಣಿಯ ಎಣ್ಣೆಯ ಮಾತು ಬೇರೆಯೇ ಇದೆ.

ವಿಹಾರದ ಕೆರೆಗಳಿಗೆ ಮೀನುಮರಿ ಬಿಟ್ಟು, ಗಾಳ ಹಾಕುವವರಿಂದ ಶುಲ್ಕ ಪಡೆಯಿರಿ ಎಂಬುದು ಇನ್ನೊಂದು ಸಲಹೆ. ಇದು ದೋಣಿಗಿಂತಲೂ ಅಪಾಯಕಾರಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇಂದು ದಕ್ಷಿಣದ ಅಸಂಖ್ಯ ಕೆರೆಗಳನ್ನು ಆಕ್ರಮಿಸಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದ್ದರೂ ಕದ್ದು ಸಾಕುವುದು ನಿಂತಿಲ್ಲ. ದೋಣಿಯನ್ನು ನಾಳೆ ದಡಕ್ಕೆಳೆಯಬಹುದು. ಬಿಟ್ಟ ಮೀನನ್ನು ಹಿಂದಕ್ಕೆ ಕರೆಯಲಾಗದು.

ಹಾಗೆಂದು ಊರವರ ಗಾಳವನ್ನೇ ಮೊದಲು ಕಿತ್ತುಕೊಳ್ಳುವುದು ಯಾವ ನ್ಯಾಯ? ಕೆರೆಕಟ್ಟೆಗಳು ಸಮುದಾಯದ ಸಂಪತ್ತೆಂದು ಸರ್ವೋಚ್ಚ ನ್ಯಾಯಾಲಯ 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಹೇಳಿದೆ. ಮಲೆನಾಡಿನ ಕೆರೆಗಳಲ್ಲಿ ಟಿಕೆಟು ಕೊಂಡವನಿಗೆ ಮಾತ್ರ ದಡ ಸಿಗುವಂತಾದರೆ ಆ ಮಾತಿಗೆ ಅರ್ಥ ಉಳಿಯದು. ಊರವರೂ ಒಂದನ್ನು ಒಪ್ಪಬೇಕು: ಮುಂಗಾರಿನ ಹತ್ತುಮೀನಿಗೆ ಕೂಣಿಯೊಡ್ಡುವುದೆಂದರೆ ಮೊಟ್ಟೆ ಹೊತ್ತ ತಾಯಿಮೀನನ್ನು ಹಿಡಿಯುವುದು. ಅಜ್ಜನ ಕಾಲದ ರೂಢಿಯೆಂಬ ಸಮರ್ಥನೆ, ಹಳ್ಳಗಳು ಬತ್ತಿ ಮೀನು ವಿರಳವಾಗಿರುವ ಈ ದಿನಗಳಿಗೆ ಸಲ್ಲದು.

ದೋಣಿಗಳು ಕೆರೆಯ ನಡುಭಾಗಕ್ಕೆ ಸೀಮಿತವಾಗಲಿ, ಮೋಟಾರು ಬೇಡವೇ ಬೇಡ. ಮೀನು ಮರಿಮಾಡುವ ಮಳೆಗಾಲದ ತಿಂಗಳುಗಳಲ್ಲಿ ಗಾಳ, ಕೂಣಿ, ಹುಟ್ಟು ಮೂರೂ ವಿರಮಿಸಲಿ. ಎಷ್ಟು ದೋಣಿ ಬಿಡಬೇಕೆಂಬುದನ್ನು ಟಿಕೆಟಿನ ಆದಾಯ ನೋಡಿ ನಿರ್ಧರಿಸುವ ಮೊದಲು, ದಡದಲ್ಲಿ ಎಷ್ಟು ಜಲಸಸ್ಯ ಉಳಿದಿದೆಯೆಂದು ಪ್ರತಿವರ್ಷ ಅಳೆದು, ಆ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ.