ಬಿಲ್ಡಪ್ಪೋ, ಟೈಂಪಾಸೋ?

ದಸರಾ ರಜೆಗೆ ಮಗ ಮೈಸೂರಿನ ಹಾಸ್ಟೆಲ್‌ನಿಂದ ಬಂದಿದ್ದ. ಒಂಬತ್ತನೇ ಕ್ಲಾಸು. ಹುದಿಕೇರಿಯಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಇಲ್ಲಿ ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಅದು ಗೊತ್ತಿದ್ದ ಹುಡುಗ ದಾರಿಯಲ್ಲೇ ಗೋಣಿಕೊಪ್ಪದ ಮಾವನ ಮನೆಗೆ ಹೋಗಿ, ಅಲ್ಲಿನ ವೈಫೈನಲ್ಲಿ ಒಂದು ಸರಣಿಯ 26 ಕಂತುಗಳನ್ನೂ ಟ್ಯಾಬಿಗೆ ಇಳಿಸಿಕೊಂಡೇ ಬಂದಿದ್ದ. ‘ಕಾರ್ಟೂನಾ?’ ಅಂದೆ. ‘ಅನಿಮೆ, ಅವ್ವ’ ಅಂತ ತಿದ್ದಿದ.

ಹೆಸರು ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’. ಹಿದೆಯಾಕಿ ಅನ್ನೊ ನಿರ್ದೇಶಿಸಿದ್ದು. ಜಪಾನಿನ ಟಿ.ವಿ.ಯಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಬಂದಿತ್ತು. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಈಗಿನ ಮಕ್ಕಳ ಕೈಗೂ ಸಿಕ್ಕಿದೆ.

ಹಬ್ಬಕ್ಕೆ ಬಂದ ನನ್ನ ತಮ್ಮ ಎರಡು ಕಂತು ನೋಡಿ ಊಟದ ಹೊತ್ತಿಗೆ ಶುರು ಮಾಡಿದ. ‘ರೋಬೋಟು ಹೊಡೆದಾಡೋದು, ನಡುವೆ ಯಾರಿಗೂ ಅರ್ಥವಾಗದ ಡೈಲಾಗು. ಬರೀ ಬಿಲ್ಡಪ್. ಬಿಲ್ಡಪ್ ತೆಗೆದರೆ ಉಳಿಯೋದು ಟೈಂಪಾಸ್.’ ಮಗನಿಗೆ ಸಿಟ್ಟು. ‘ನಿಮಗೆ ಅರ್ಥ ಆಗ್ಲಿಲ್ಲ ಮಾವ, ಅಷ್ಟೇ.’ ತೀರ್ಪು ಹೇಳೋಕೆ ನನ್ನನ್ನು ಕರೆದರು. ನೋಡದೆ ಹೇಗೆ ಹೇಳಲಿ? ರಾತ್ರಿ ಕೆಲಸ ಮುಗಿಸಿ, ಕೆಳಗೆ ಬರುವ ಇಂಗ್ಲಿಷ್ ಸಾಲು ಓದುತ್ತಾ, ಆರು ದಿನದಲ್ಲಿ ಮುಗಿಸಿದೆ.

ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ. ಶತ್ರುಗಳಿಗೆ ಸಾಕಿಯೆಲ್, ರಾಮಿಯೆಲ್ ಅಂತ ದೇವದೂತರ ಹೆಸರು. ಸ್ಫೋಟವಾದರೆ ಬೆಂಕಿ ಶಿಲುಬೆಯ ಆಕಾರದಲ್ಲಿ ಮೇಲೇಳುತ್ತದೆ. ಇದರಲ್ಲೆಲ್ಲ ಗೂಢಾರ್ಥ ಹುಡುಕಿದವರು ಬಹಳ. ಆದರೆ ಸಹಾಯಕ ನಿರ್ದೇಶಕ ಕಝುಯಾ ತ್ಸುರುಮಾಕಿಯವರೇ ಹೇಳಿದ್ದಾರೆ: ಜಪಾನಿನಲ್ಲಿ ಕ್ರೈಸ್ತ ಧರ್ಮ ಅಷ್ಟು ಪರಿಚಿತವಲ್ಲ, ನಿಗೂಢವಾಗಿ ಕಾಣಲಿ ಅಂತ ಬಳಸಿದೆವು, ಅದಕ್ಕೆ ಧಾರ್ಮಿಕ ಅರ್ಥವೇನೂ ಇಲ್ಲ ಅಂತ. ನಮ್ಮ ಹುಡುಗರು ಅರ್ಥ ಗೊತ್ತಿಲ್ಲದೆ ಚೀನೀ ಅಕ್ಷರದ ಟೀ ಶರ್ಟ್ ಹಾಕ್ತಾರಲ್ಲ, ಹಾಗೆ. ಇನ್ನು, ಹದಿನಾಲ್ಕು ವರ್ಷದ ಹುಡುಗಿಯರ ಮೈ ತೋರಿಸುವ ರೀತಿ ನನಗೆ ಖಂಡಿತ ಹಿಡಿಸಲಿಲ್ಲ. ಚಿಕ್ಕ ಮಕ್ಕಳ ಕೈಗೆ ಇದನ್ನು ಕೊಡಬೇಡಿ.

ಉಳಿದರ್ಧ ಬೇರೆಯೇ. ಕಥೆಯ ಹುಡುಗ ಶಿಂಜಿಗೂ 14 ವರ್ಷ. ತಾಯಿ ಇಲ್ಲ. ತಂದೆ ಅವನನ್ನು ಬೇರೆಯವರ ಹತ್ತಿರ ಬಿಟ್ಟು ವರ್ಷಗಟ್ಟಲೆ ಸುಮ್ಮನಿದ್ದು, ಯಂತ್ರದೊಳಗೆ ಕೂರಿಸೋಕೆ ಬೇಕಾದಾಗ ಕರೆಸುತ್ತಾನೆ. ಹೇಗಿದ್ದೀಯ ಅಂತ ಕೇಳುವುದಿಲ್ಲ. ಹತ್ತು, ಇಲ್ಲವೇ ಹೋಗು, ಅಷ್ಟೇ. ಮೊದಲ ಸಲ ಹುಡುಗ ಹತ್ತುವುದು, ತನ್ನ ಬದಲು ಗಾಯಗೊಂಡ ಹುಡುಗಿಯೊಬ್ಬಳನ್ನು ಕಳಿಸುವುದು ನೋಡಲಾರದೆ. ಆಮೇಲಾಮೇಲೆ, ಅಪ್ಪ ಒಂದು ಮಾತು ಮೆಚ್ಚಲಿ ಅಂತ.

ಒಂದು ಕಡೆ ಮುಳ್ಳಿನ ಪ್ರಾಣಿಗಳ ಮಾತು ಬರುತ್ತದೆ. ಮೂಲ ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್ 1851ರಲ್ಲಿ ಬರೆದ ದೃಷ್ಟಾಂತ. ಚಳಿಯಲ್ಲಿ ಮುಳ್ಳುಹಂದಿಗಳು ಹತ್ತಿರ ಬಂದರೆ ಒಂದಕ್ಕೊಂದು ಚುಚ್ಚುತ್ತವೆ, ದೂರ ಹೋದರೆ ನಡುಗುತ್ತವೆ. ಕಾಫಿ ತೋಟದಲ್ಲಿ ಬಿದ್ದ ಮುಳ್ಳು ಹೆಕ್ಕಿ ಆಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಗ ನನಗೆ ನೆನಪಾದದ್ದು ನಮ್ಮ ಭಾನುವಾರದ ಫೋನು. ಹಾಸ್ಟೆಲ್‌ನವರು ಕೊಡೋದು ಹತ್ತು ನಿಮಿಷ. ಟೆಸ್ಟ್ ಆಯ್ತಾ, ಮ್ಯಾಥ್ಸ್‌ನಲ್ಲಿ ಎಷ್ಟು ಬಂತು, ಟ್ಯೂಷನ್‌ಗೆ ಹೋಗ್ತಿದ್ದೀಯಾ ಅಂತ ನಾನು. ಹೂಂ, ಹೂಂ ಅಂತ ಅವನು. ಇಷ್ಟು ದಿನ ಅದನ್ನೇ ಮಾತು ಅಂದುಕೊಂಡಿದ್ದೆ.

‘ನಿಂಗೆ ಇದರಲ್ಲಿ ಏನು ಇಷ್ಟ ಆಯ್ತು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಲ್ಕನೇ ಕಂತಲ್ಲಿ ಅವನು ಓಡಿ ಹೋಗ್ತಾನಲ್ಲ ಅವ್ವ, ಟ್ರೈನಲ್ಲೇ ಕೂತಿರ್ತಾನೆ. ಎಲ್ಲಿ ಇಳೀಬೇಕು ಅಂತ ಗೊತ್ತಿರಲ್ಲ’ ಅಂದ. ನಾನು ಮುಂದೇನೂ ಕೇಳಲಿಲ್ಲ.

ಕೊನೆಯ ಎರಡು ಕಂತಿನಲ್ಲಿ ಯುದ್ಧವೇ ಇಲ್ಲ. ಹುಡುಗನ ತಲೆಯೊಳಗಿನ ಪ್ರಶ್ನೆಗಳು, ಅಲುಗಾಡದ ಚಿತ್ರಗಳು. ಜಪಾನಿನಲ್ಲೂ ಬಹಳ ಜನ ಸಿಟ್ಟಾದರಂತೆ. 1997ರಲ್ಲಿ ಇನ್ನೊಂದು ಮುಕ್ತಾಯವನ್ನು ಸಿನಿಮಾ ಮಾಡಿದರು. ಅನ್ನೊ ಈ ಸರಣಿಗೆ ಮುಂಚೆ ಕೆಲವು ವರ್ಷ ಖಿನ್ನತೆ ಅನುಭವಿಸಿದವರು. ಅದು ತಿಳಿದ ಮೇಲೆ ಆ ಕಂತುಗಳು ನನಗೆ ಜಂಬ ಅನ್ನಿಸಲಿಲ್ಲ. ಹೇಳಬೇಕಾದ್ದು ಬಾಯಿಗೆ ಬಾರದೆ ಒದ್ದಾಡುವವನ ಮಾತು ಅನ್ನಿಸಿತು.

ತಮ್ಮನಿಗೆ ಫೋನ್ ಮಾಡಿ ತೀರ್ಪು ಹೇಳಿದೆ: ‘ಶಿಲುಬೆ ಬಿಲ್ಡಪ್, ರೋಬೋಟು ಟೈಂಪಾಸ್. ಹುಡುಗ ಮಾತ್ರ ನಿಜ.’ ಅವನು ನಕ್ಕ. ‘ಅಂದ್ರೆ ನಾನೂ ಗೆದ್ದೆ ಅನ್ನು.’

ರಜೆ ಮುಗಿಯಿತು, ಮಗ ಹೋದ. ಮೊದಲ ಭಾನುವಾರ ಮಾರ್ಕ್ಸ್ ಕೇಳಬಾರದು ಅಂತ ತೀರ್ಮಾನ ಮಾಡಿ ಫೋನ್ ಹಿಡಿದೆ. ಎಷ್ಟು ಕಷ್ಟ ಗೊತ್ತಾ? ಊಟ ಆಯ್ತಾ ಅಂದ ಮೇಲೆ ಇಬ್ಬರಿಗೂ ಮಾತೇ ಇಲ್ಲ. ಕೊನೆಗೆ ಅವನೇ ಕೇಳಿದ:

‘ಅವ್ವ, ಅಲ್ಲಿ ಮಳೆ ನಿಂತಿತಾ?’